ಪೆಟ್ಟಾದ ಮೊಣಕಾಲಿಗೆ ಭಾರ ಬಂದ ಬಗೆ

ಗಾಯಗೊಂಡ ಅಂಗಕ್ಕೆ ವಿಶ್ರಾಂತಿಯೇ ಮುಖ್ಯ ಮದ್ದು ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶಸ್ತ್ರವೈದ್ಯದಲ್ಲಿ ಸಿದ್ಧಾಂತದ ಮಟ್ಟಕ್ಕೇರಿತ್ತು. ವಿಶ್ರಾಂತಿ ಮತ್ತು ನೋವುಗಳ ಸಂಬಂಧವನ್ನು ಕುರಿತು ಲಂಡನ್ನಿನ ಜಾನ್ ಹಿಲ್ಟನ್ ನೀಡಿದ ಉಪನ್ಯಾಸಗಳು 1863ರಲ್ಲಿ ಗ್ರಂಥರೂಪ ತಳೆದವು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ರೋಗಗ್ರಸ್ತ ಕೀಲನ್ನು ದೀರ್ಘಕಾಲ, ಎಡೆಬಿಡದೆ, ಅಲುಗದಂತೆ ಬಿಗಿದಿಡಬೇಕೆಂದು ವಾದಿಸಿದುದಲ್ಲದೆ ಅದಕ್ಕೆ ತಕ್ಕ ಸಾಧನವನ್ನೂ ರೂಪಿಸಿದರು, ಅದು ಇಂದಿಗೂ ಥಾಮಸ್ ಸ್ಪ್ಲಿಂಟ್ ಎಂದೇ ಪರಿಚಿತವಾಗಿದೆ. ಮುರಿದ ಮೂಳೆಗೂ ಮೃದುವಾದ ಚಲನೆ ಮತ್ತು ಅಂಗಮರ್ದನ ಬೇಕೆಂದು ಪ್ಯಾರಿಸ್ಸಿನ ಲ್ಯೂಕಾಸ್ ಶಾಂಪಿಯೊನಿಯೇರ್ ಅದೇ ಕಾಲದಲ್ಲಿ ಪ್ರತಿಪಾದಿಸಿದರೂ ಮನ್ನಣೆ ಹೆಚ್ಚಾಗಿ ದೊರೆತದ್ದು ಮೊದಲ ಪಕ್ಷಕ್ಕೆ.

ಈ ಒಲವು ಬದಲಾಗಲು ಒಂದು ಯುದ್ಧ ಬೇಕಾಯಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿದ್ದಾಗ, ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯ ತರುಣ ವೈದ್ಯ ಥಾಮಸ್ ಡಿಲೋರ್ಮ್, ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ತೊಡೆ ಸೊರಗಿದ್ದ ಸೈನಿಕರಿಗೆ, ತೂಕ ಕಟ್ಟಬಹುದಾದ ಕಬ್ಬಿಣದ ಬೂಟು ತೊಡಿಸಿ ಕಾಲು ಚಾಚಿಸುವ ವ್ಯಾಯಾಮವನ್ನು ಆರಂಭಿಸಿದರು. ಹರೆಯದಲ್ಲಿ ರುಮಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಅನಂತರ ಭಾರ ಎತ್ತಿಯೇ ಮೈ ಕಟ್ಟಿಕೊಂಡಿದ್ದ ಅವರಿಗೆ ಈ ಮಾರ್ಗದ ಸ್ವಂತ ಅನುಭವವಿತ್ತು. ಭಾರವನ್ನು ಹಂತಹಂತವಾಗಿ ಏರಿಸಿ ಮೈ ಹುರಿಗೊಳಿಸುವುದು ಯಾವ ಗರಡಿಯ ಉಸ್ತಾದನಿಗೂ ಹೊಸ ಮಾತಾಗಿರಲಾರದು. ಡಿಲೋರ್ಮ್ ಅವರ ಹೊಸತನವಿದ್ದುದು ಅಳತೆಯಲ್ಲಿ. ರೋಗಿಯು ಸರಿಯಾಗಿ ಹತ್ತು ಬಾರಿ ಎತ್ತಬಲ್ಲ, ಹನ್ನೊಂದನೆಯ ಬಾರಿ ಎತ್ತಲಾರದ ಗರಿಷ್ಠ ತೂಕವನ್ನು ಅವರು ಮಾನದಂಡವಾಗಿಟ್ಟುಕೊಂಡು, ಅದನ್ನು ಆಗಾಗ ಮರಳಿ ಪರೀಕ್ಷಿಸಿ, ಬಲ ಹೆಚ್ಚಿದಂತೆ ತೂಕವನ್ನೂ ಹೆಚ್ಚಿಸುತ್ತ ಹೋದರು. 1945ರಲ್ಲಿ ಪ್ರಕಟವಾದ ಅವರ ಲೇಖನ ದಿನಕ್ಕೆ ಎಪ್ಪತ್ತರಿಂದ ನೂರು ಎತ್ತುಗಳನ್ನು ವಿಧಿಸಿತ್ತು. ಅದು ಅತಿಯಾಯಿತೆಂದು ಕಂಡ ಮೇಲೆ, 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಅವರೊಡನೆ ಬರೆದ ಲೇಖನದಲ್ಲಿ, ಮಾನದಂಡದ ತೂಕದ ಅರ್ಧ, ಮುಕ್ಕಾಲು ಮತ್ತು ಪೂರ್ಣ ಭಾಗಗಳನ್ನು ಅನುಕ್ರಮವಾಗಿ ಹತ್ತು ಹತ್ತು ಬಾರಿ ಎತ್ತುವ ಕ್ರಮಕ್ಕೆ ಇಳಿಸಿದರು. ಇಂದಿನ ವ್ಯಾಯಾಮಶಾಲೆಗಳಲ್ಲಿ ಹತ್ತರ ಮೂರು ಸುತ್ತು ಎಂಬ ರೂಢಿ ನೆಲೆಯೂರಲು ಈ ಲೇಖನವೇ ಬಹುಮಟ್ಟಿಗೆ ಕಾರಣ. ನಿನ್ನೆಯ ತೂಕಕ್ಕಿಂತ ಇಂದಿನ ತೂಕ ಹೆಚ್ಚಿರುವುದನ್ನು ಕಣ್ಣಾರೆ ಕಾಣುವ ರೋಗಿಗೆ ತನ್ನ ಕಾಲಿನ ಮೇಲೆ ಭರವಸೆ ಮೂಡುವುದು ಸಹಜವಾದುದರಿಂದ, ಈ ಅಳತೆ ಸ್ನಾಯುವಿನೊಡನೆ ಮನಸ್ಸಿಗೂ ಚಿಕಿತ್ಸೆಯಾಗಿತ್ತೆಂದು ಹೇಳಬಹುದು.

ಆದರೂ ಕ್ರೀಡಾಗಾಯಗಳ ಕ್ಷೇತ್ರದಲ್ಲಿ ಹಳೆಯ ಎಚ್ಚರಿಕೆ ಸುಲಭವಾಗಿ ಸಡಿಲಲಿಲ್ಲ. ಮೊಣಕಾಲಿನೊಳಗೆ ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಓರೆಯಾಗಿ ಬಂಧಿಸುವ, ಎಸಿಎಲ್ ಎಂದು ಕರೆಯಲಾಗುವ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಗೊಳಗಾದ ಆಟಗಾರರು, 1980ರ ದಶಕದಲ್ಲಿಯೂ, ವಾರಗಟ್ಟಲೆ ಕಾಲನ್ನು ಬಿಗಿದುಕೊಂಡು ಊರುಗೋಲಿನ ಆಸರೆಯಲ್ಲಿ ನಡೆಯಬೇಕಾಗಿತ್ತು. ಇಂಡಿಯಾನಾಪೊಲಿಸ್‌ನ ಶಸ್ತ್ರವೈದ್ಯ ಡೊನಾಲ್ಡ್ ಶೆಲ್ಬೋರ್ನ್, ವೈದ್ಯರ ಅಪ್ಪಣೆ ಮೀರಿ ಬೇಗನೆ ಕಾಲೂರಿದ ರೋಗಿಗಳೇ ವಿಧೇಯರಿಗಿಂತ ಚೆನ್ನಾಗಿ ಚೇತರಿಸಿಕೊಂಡುದನ್ನು ಗಮನಿಸಿ, ಪಾಲ್ ನಿಟ್ಜ್ ಅವರೊಡನೆ 1990ರಲ್ಲಿ ತ್ವರಿತ ಪುನಶ್ಚೇತನದ ಕ್ರಮವನ್ನು ಪ್ರಕಟಿಸಿದರು. ವೈದ್ಯರು ತಮ್ಮ ಮಾತು ಕೇಳದವರಿಂದ ಪಾಠ ಕಲಿತ ನಿದರ್ಶನಗಳಲ್ಲಿ ಇದು ಗಮನಾರ್ಹವಾದುದು. ಆದರೆ ಬೇಗ ಕಾಲೂರುವುದೂ ಬೇಗ ಮೈದಾನಕ್ಕಿಳಿಯುವುದೂ ಒಂದೇ ಅಲ್ಲ: 2016ರ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಶೇ. 51ರಷ್ಟು ಇಳಿದುದು ಕಂಡುಬಂತು.

ಬಲ ಮರಳಿದರೂ ಆಟ ಮರಳದಿರುವ ಸಮಸ್ಯೆ ಸ್ಪಷ್ಟವಾದುದು ತ್ವರಿತ ಪುನಶ್ಚೇತನದ ಕ್ರಮ ಬಂದ ಮೇಲೆಯೇ. ಮತ್ತೆ ನೋವಾದೀತೆಂಬ ಅಂಜಿಕೆಯಿಂದ ಚಲನೆಯನ್ನೇ ತಪ್ಪಿಸುವ ಮನಃಸ್ಥಿತಿಗೆ 1990ರ ವೇಳೆಗೆ ಬೆನ್ನುನೋವಿನಂಥ ದೀರ್ಘಕಾಲದ ನೋವುಗಳ ಚಿಕಿತ್ಸೆಯಲ್ಲಿ ಕೈನೀಸಿಯೊಫೋಬಿಯಾ ಎಂಬ ಹೆಸರು ಬಂದಿತ್ತು. ಆಸ್ಟ್ರೇಲಿಯಾದ ಕೇಟ್ ವೆಬ್‌ಸ್ಟರ್ ಮತ್ತು ಸಂಗಡಿಗರು 2008ರಲ್ಲಿ ಎಸಿಎಲ್ ಗಾಯಾಳುಗಳ ಭಾವನೆ, ಆತ್ಮವಿಶ್ವಾಸ ಮತ್ತು ಅಪಾಯದ ಅಂದಾಜನ್ನು ಅಳೆಯುವ ಹನ್ನೆರಡು ಪ್ರಶ್ನೆಗಳ ಮಾಪನವನ್ನು ಸಿದ್ಧಪಡಿಸಿದರು. ಕ್ಲೇರ್ ಆರ್ಡರ್ನ್ ಮತ್ತಿತರರು 2014ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಶೇ. 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರೂ ಗಾಯಕ್ಕೆ ಮುಂಚಿನ ಮಟ್ಟ ತಲುಪಿದವರು ಶೇ. 65, ಸ್ಪರ್ಧಾತ್ಮಕ ಕ್ರೀಡೆಗೆ ಮರಳಿದವರು ಕೇವಲ ಶೇ. 55 ಆಗಿದ್ದರು. ಈ ಅಂತರವೆಲ್ಲ ಭಯದಿಂದಲೇ ಉಂಟಾದುದಲ್ಲ, ಉದ್ಯೋಗ, ವಯಸ್ಸು, ಸಂಸಾರಗಳ ಪಾಲೂ ಅದರಲ್ಲಿದೆ. ಆದರೆ ಮನಸ್ಸಿನ ಸಿದ್ಧತೆ ಚಿಕಿತ್ಸೆಯ ಲೆಕ್ಕಕ್ಕೆ ಸೇರಲೇಬೇಕೆಂಬುದನ್ನು ಅನಂತರ ಅಲ್ಲಗಳೆಯುವುದು ಕಷ್ಟವಾಯಿತು.

ಆಟಕ್ಕೆ ಮರಳುವ ಮುನ್ನ ಈಗ ನಡೆಸುವ ಕುಪ್ಪಳಿಕೆಯ ಪರೀಕ್ಷೆಯಲ್ಲಿ ಬಲ ಮತ್ತು ಮನಸ್ಸು ಎಂಬ ಈ ಎರಡೂ ಎಳೆಗಳು ಕೂಡುತ್ತವೆ. ಒಂಟಿಕಾಲಲ್ಲಿ ಹಾರಿ ಅದೇ ಕಾಲಲ್ಲಿ ನಿಲ್ಲಲು ಸ್ನಾಯುವಿನ ಬಲದಷ್ಟೇ ಧೈರ್ಯವೂ ಬೇಕಾಗುತ್ತದೆ; ಗಾಯಗೊಂಡ ಕಾಲು ಇನ್ನೊಂದು ಕಾಲಿನ ಶೇ. 90ರಷ್ಟು ದೂರವನ್ನಾದರೂ ಮುಟ್ಟಬೇಕೆಂಬುದು ಸಾಮಾನ್ಯ ನಿಯಮವಾಗಿದೆ. ಆದರೆ ತಿಂಗಳುಗಟ್ಟಲೆ ಆಟ ಬಿಟ್ಟ ಆಟಗಾರನ ಗಟ್ಟಿ ಕಾಲೂ ಅಷ್ಟರಲ್ಲಿ ಬಲಗುಂದಿರುತ್ತದೆಯಾಗಿ, ಈ ಹೋಲಿಕೆ ಚೇತರಿಕೆಯನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂಬ ಆಕ್ಷೇಪ ಕೇಳಿಬಂದಿದೆ; ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗಟ್ಟಿ ಕಾಲಿನ ಬಲವನ್ನು ಅಳೆದಿಟ್ಟುಕೊಳ್ಳಬೇಕೆಂಬ ಸಲಹೆ ಹುಟ್ಟಿದ್ದು ಈ ಆಕ್ಷೇಪದಿಂದಲೇ.