ತಿಮಿಂಗಿಲದ ಬಾಯಲ್ಲಿ ಹಲ್ಲಿನ ನೆನಪು

ತಿಮಿಂಗಿಲ ಎಂಬ ಮಾತಿಗೆ ತಿಮಿಯನ್ನು ನುಂಗುವುದು ಎಂದು ಅರ್ಥ. ತಿಮಿಯೆಂದರೆ ಪುರಾಣಗಳ ಹೆಮ್ಮೀನು. ಆ ಹೆಮ್ಮೀನನ್ನೇ ನುಂಗುವ ಪ್ರಾಣಿಯೊಂದನ್ನು ನಮ್ಮ ಹಿಂದಿನವರು ಕಲ್ಪಿಸಿದರು. ಸಾಲದೆಂಬಂತೆ ಅದನ್ನೂ ನುಂಗುವ ತಿಮಿಂಗಿಲಗಿಲ ಎಂಬ ಮತ್ತೊಂದನ್ನು ಕಲ್ಪಿಸಿದರು. ಇಂದು ನಾವು ಈ ಹೆಸರಿನಿಂದ ಕರೆಯುವ ಜೀವಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನೀಲ ತಿಮಿಂಗಿಲ. ಸುಮಾರು 30 ಮೀಟರ್ ಉದ್ದ ಬೆಳೆಯಬಲ್ಲ ಈ ಮಹಾಕಾಯದ ಆಹಾರವಾದರೋ ಕ್ರಿಲ್ ಎಂಬ, ಕಿರುಬೆರಳುದ್ದದ, ಸಿಗಡಿಯಂಥ ಜೀವಿ. ಹೆಮ್ಮೀನನ್ನು ಹಿಡಿಯಬೇಕೆಂದರೆ ಅದರ ಬಾಯಲ್ಲಿ ಒಂದು ಹಲ್ಲೂ ಇಲ್ಲ.

ಹಲ್ಲಿನ ಬದಲಿಗೆ ಇರುವುದು ಜರಡಿ. ಮೇಲ್ದವಡೆಯ ಎರಡು ಬದಿಗಳಿಂದ ನೂರಾರು ತೆಳುವಾದ ಫಲಕಗಳು ಬಾಚಣಿಗೆಯ ಹಲ್ಲುಗಳಂತೆ ಇಳಿಬಿದ್ದಿರುತ್ತವೆ. ಒಳ ಅಂಚಿನಲ್ಲಿ ಅವು ಸೀಳಿ ಕುಚ್ಚು ಕುಚ್ಚಾಗಿರುತ್ತವೆ. ಇವಕ್ಕೆ ಬಲೀನ್ ಎಂದು ಹೆಸರು. ತಿಮಿಂಗಿಲ ಬಾಯ್ತೆರೆದು ನೀರನ್ನು ತುಂಬಿಕೊಂಡು ಹೊರಕ್ಕೆ ತಳ್ಳಿದಾಗ ನೀರು ಸೋಸಿಹೋಗಿ ಕ್ರಿಲ್ ಒಳಗುಳಿಯುತ್ತದೆ. ಈ ಫಲಕಗಳು ಮೂಳೆಯಲ್ಲ. ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಟಿನ್ ಎಂಬ ವಸ್ತುವಿನವು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಛತ್ರಿಯ ಕಡ್ಡಿಗಳನ್ನೂ ಹೆಂಗಸರ ನಡುಪಟ್ಟಿಗಳನ್ನೂ ಇದರಿಂದಲೇ ಮಾಡುತ್ತಿದ್ದರು.

ಇಂಥದೊಂದು ಜರಡಿ ಹುಟ್ಟಿದ್ದಾದರೂ ಹೇಗೆ? 1871ರಲ್ಲಿ ಸೇಂಟ್ ಜಾರ್ಜ್ ಮಿವಾರ್ಟ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಈ ಪ್ರಶ್ನೆಯನ್ನು ಡಾರ್ವಿನ್ನನ ಮುಂದೆ ಸವಾಲಾಗಿ ಇಟ್ಟ. ಜರಡಿ ಪೂರ್ತಿಯಾಗಿ ಬೆಳೆದ ಮೇಲೆ ಅದರಿಂದ ಉಪಯೋಗವುಂಟು. ಆಗ ನಿಸರ್ಗದ ಆಯ್ಕೆ ಅದನ್ನು ಕಾಪಾಡೀತು, ಬೆಳೆಸೀತು. ಆದರೆ ಮೊದಮೊದಲ ಮೊಳಕೆಯಿಂದ ಏನು ಪ್ರಯೋಜನ? ಅರ್ಧ ಜರಡಿ ಏನನ್ನು ಸೋಸೀತು? ಪ್ರಶ್ನೆ ಹರಿತವಾದದ್ದು. ಮಿವಾರ್ಟ್ ಮೊದಲು ಡಾರ್ವಿನ್ನನ ಪಕ್ಷದಲ್ಲಿದ್ದವನಾದ್ದರಿಂದ ಎಲ್ಲಿ ಚುಚ್ಚಿದರೆ ನೋಯುತ್ತದೆಂಬುದು ಅವನಿಗೆ ಗೊತ್ತಿತ್ತು.

ಡಾರ್ವಿನ್ ಈ ಸವಾಲನ್ನು ಬದಿಗೆ ಸರಿಸಲಿಲ್ಲ. 1872ರಲ್ಲಿ ಹೊರಬಂದ ‘ಜೀವಿಜಾತಿಗಳ ಉಗಮ’ದ ಆರನೆಯ ಆವೃತ್ತಿಯಲ್ಲಿ ಅದಕ್ಕೆ ಉತ್ತರ ಬರೆದ. ಉತ್ತರ ಹುಡುಕಲು ಅವನು ಹೋದದ್ದು ಬಾತುಗಳ ಬಳಿಗೆ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ, ಸಲಿಕೆಯಂತೆ ಅಗಲ ಕೊಕ್ಕಿನ ಬಾತೊಂದುಂಟು. ಅದರ ಕೊಕ್ಕಿನ ಅಂಚಿನಲ್ಲಿ ನೀರು ಸೋಸುವ ಸೊಗಸಾದ ಬಾಚಣಿಗೆಯಿದೆ. ಸಾಮಾನ್ಯ ಬಾತಿನಲ್ಲಿ ಅದೇ ಬಾಚಣಿಗೆ ಇನ್ನಷ್ಟು ಒರಟು. ಹೆಬ್ಬಾತಿನಲ್ಲಿ ಅದು ಬರಿಯ ಹಲ್ಲುಹಲ್ಲಾದ ಅಂಚು. ಅದರಿಂದ ಹೆಬ್ಬಾತು ಹುಲ್ಲು ಹರಿದು ತಿನ್ನುತ್ತದೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒಂದೊಂದು ಹಕ್ಕಿ ಹೊಟ್ಟೆ ಹೊರೆಯುತ್ತಿದೆಯಷ್ಟೆ. ತಿಮಿಂಗಿಲದ ಹಿರಿಯರಿಗೂ ಇಂಥ ಮೆಟ್ಟಿಲುಗಳು ಏಕಿರಬಾರದು, ಎಂಬುದು ಡಾರ್ವಿನ್ನನ ವಾದ.

ವಾದವೇನೋ ಚೆನ್ನಾಗಿತ್ತು, ಸಾಕ್ಷಿ ಮಾತ್ರ ಅಲ್ಪ. ಹಲ್ಲಿಲ್ಲದ ಈ ತಿಮಿಂಗಿಲಗಳ ಭ್ರೂಣದಲ್ಲಿ ಹಲ್ಲಿನ ಮೊಗ್ಗುಗಳು ಮೂಡಿ, ಹುಟ್ಟುವ ಮೊದಲೇ ಕರಗಿಹೋಗುತ್ತವೆ ಎಂಬುದನ್ನು ಫ್ರಾನ್ಸಿನ ಝೊಫ್ರ್ವಾ ಸೇಂಟ್ ಹಿಲೇರ್ 1807ರಲ್ಲಿಯೇ ಪ್ರಕಟಿಸಿದ್ದ. ಈ ವಂಶಕ್ಕೆ ಹಿಂದೊಮ್ಮೆ ಹಲ್ಲಿತ್ತೆಂದು ಅದರಿಂದ ತಿಳಿಯುತ್ತಿತ್ತು. ಹಲ್ಲು ಹೋಗಿ ಜರಡಿ ಬಂದ ದಾರಿ ತಿಳಿಯುತ್ತಿರಲಿಲ್ಲ. ಅದನ್ನು ಹೇಳಬೇಕಾದದ್ದು ಕಲ್ಲು.

ಕಲ್ಲು ನಿಧಾನವಾಗಿ ಮಾತಾಡಿತು. ಕಥೆಯ ಮೊದಲ ಅಧ್ಯಾಯ ಸಿಕ್ಕಿದ್ದು ನಮ್ಮ ಉಪಖಂಡದಲ್ಲಿ. ಕಾಶ್ಮೀರದ ಕಾಲಾಕೋಟ್ ಬಳಿಯ ಬಂಡೆಗಳಿಂದ ಭೂವಿಜ್ಞಾನಿ ಎ. ರಂಗರಾವ್ ಅವರು ಪಳೆಯುಳಿಕೆಗಳನ್ನು ಸಂಗ್ರಹಿಸಿ, ಬೆಕ್ಕಿನ ಗಾತ್ರದ ಗೊರಸಿನ ಪ್ರಾಣಿಯೊಂದಕ್ಕೆ 1971ರಲ್ಲಿ ‘ಇಂಡೋಹ್ಯೂಸ್’ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ, ಇನ್ನೂ ಒಡೆಯದೆ ಉಳಿದಿದ್ದ ಕಲ್ಲುಗಳನ್ನು ಅವರ ಪತ್ನಿ ಹಾನ್ಸ್ ಥೆವಿಸನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಆ ಪ್ರಾಣಿಯ ಕಿವಿಯ ಮೂಳೆ ತಿಮಿಂಗಿಲಗಳ ಕಿವಿಯ ಮೂಳೆಯನ್ನು ಹೋಲುತ್ತದೆಂದು 2007ರಲ್ಲಿ ಪ್ರಕಟವಾಯಿತು. ತಿಮಿಂಗಿಲಗಳ ಪೂರ್ವಜರು ನೆಲದ ಮೇಲೆ ನಡೆದಾಡಿದ ಗೊರಸಿನ ಪ್ರಾಣಿಗಳ ಬಳಗದವರೆಂಬುದು ಹೀಗೆ ಇನ್ನಷ್ಟು ಗಟ್ಟಿಯಾಯಿತು.

ಜರಡಿಯ ಅಧ್ಯಾಯ ಸಿಕ್ಕಿದ್ದು ಅಮೆರಿಕದ ಪಡುವಣ ಕಡಲ ತೀರದ ಆರೆಗನ್ನಿನಲ್ಲಿ. ಅಲ್ಲಿಯ ಡಗ್ಲಾಸ್ ಎಮ್ಲಾಂಗ್ ಎಂಬ ತರುಣ ಅಲೆ ಕೊರೆದ ದಂಡೆಗಳಲ್ಲಿ ಎಲುಬು ಹುಡುಕುತ್ತ ಬೆಳೆದವನು. 1966ರಲ್ಲಿ ಅವನು ಒಂದು ತಲೆಬುರುಡೆಯನ್ನು ವರ್ಣಿಸಿ ‘ಏಟಿಯೋಸೀಟಸ್’ ಎಂದು ಹೆಸರಿಟ್ಟ. ಬಾಯ್ತುಂಬ ಹಲ್ಲಿದ್ದುದರಿಂದ ಅದನ್ನು ಪ್ರಾಚೀನ ತಿಮಿಂಗಿಲಗಳ ಗುಂಪಿಗೆ ಸೇರಿಸಿದ. ಎರಡೇ ವರ್ಷಗಳಲ್ಲಿ ಲೀ ವಾನ್ ವಾಲೆನ್ ಎಂಬ ವಿದ್ವಾಂಸ ಆ ಬುರುಡೆಯ ಮಿಕ್ಕ ಲಕ್ಷಣಗಳನ್ನು ತೂಗಿನೋಡಿ, ಇದು ಜರಡಿ ತಿಮಿಂಗಿಲಗಳ ವಂಶದ್ದೇ ಎಂದ. ಹಲ್ಲುಳ್ಳ ಜರಡಿ ತಿಮಿಂಗಿಲ! ಎಮ್ಲಾಂಗ್ 1980ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡ. ಅವನು ಕೂಡಿಟ್ಟ ಸಂಗ್ರಹ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು.

ಕೆರಟಿನ್ ಕಲ್ಲಾಗಿ ಉಳಿಯುವುದು ತೀರ ಅಪರೂಪ. ಹೀಗಾಗಿ ಜರಡಿಯಿತ್ತೇ ಎಂಬುದನ್ನು ಎಲುಬಿನ ಗುರುತುಗಳಿಂದಲೇ ಊಹಿಸಬೇಕು. ಈಗಿನ ತಿಮಿಂಗಿಲಗಳಲ್ಲಿ ಫಲಕಗಳಿಗೆ ರಕ್ತ ಒಯ್ಯುವ ನಾಳಗಳು ಅಂಗುಳಿನ ಸಣ್ಣ ರಂಧ್ರಗಳ ಮೂಲಕ ಬರುತ್ತವೆ. ಏಟಿಯೋಸೀಟಸ್‌ನ ಇನ್ನೊಂದು ಜಾತಿಯ ಬುರುಡೆಯಲ್ಲಿ ಹಲ್ಲುಗಳ ಪಕ್ಕದಲ್ಲಿಯೇ ಅಂಥ ರಂಧ್ರಗಳಿವೆಯೆಂದು 2008ರಲ್ಲಿ ಥಾಮಸ್ ಡೆಮೆರೆ ಮತ್ತು ಸಂಗಡಿಗರು ತೋರಿಸಿದರು. ಎರಡೂ ಒಂದೇ ಬಾಯಲ್ಲಿ ಇದ್ದಿರಬೇಕೆಂಬುದು ಅವರ ತೀರ್ಮಾನ. ಹಲ್ಲಿನ ಹೊಳಪಿನ ಕವಚವನ್ನು ಕಟ್ಟುವ ಜೀನುಗಳು ಇಂದಿನ ಜರಡಿ ತಿಮಿಂಗಿಲಗಳಲ್ಲಿಯೂ ಕೆಟ್ಟ ಸ್ಥಿತಿಯಲ್ಲಿ ಉಳಿದಿರುವುದನ್ನು ಅವರು ಕಂಡರು. ಊರು ಬಿಟ್ಟವರ ಪಾಳುಮನೆಯಂತೆ.

ವಿವಾದ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಎರಡು ಬುರುಡೆಗಳ ವರ್ಣನೆ ಬಂತು. ಒಂದು ಅಂಟಾರ್ಕ್ಟಿಕದ ‘ಲ್ಯಾನೋಸೀಟಸ್’, 3 ಕೋಟಿ 40 ಲಕ್ಷ ವರ್ಷ ಹಳೆಯದು, ಸುಮಾರು 8 ಮೀಟರ್ ಉದ್ದದ್ದು. ಅದರ ಅಂಗುಳಿನಲ್ಲಿಯೂ ರಂಧ್ರಗಳುಂಟು. ಆದರೆ ಅವು ವಸಡಿಗೆ ರಕ್ತ ಒದಗಿಸುತ್ತಿದ್ದುವೆಂದೂ ಅದಕ್ಕೆ ಜರಡಿಯಿರಲಿಲ್ಲವೆಂದೂ ವರ್ಣಿಸಿದವರು ಹೇಳಿದರು. ಇನ್ನೊಂದು 1970ರ ದಶಕದಲ್ಲಿ ಆರೆಗನ್ನಿನಲ್ಲಿ ದೊರೆತು ಸ್ಮಿತ್‌ಸೋನಿಯನ್ನಿನಲ್ಲಿ ಕಾದು ಕುಳಿತಿದ್ದ ‘ಮೈಯಾಬಲೀನಾ’. ಸುಮಾರು 3 ಕೋಟಿ 30 ಲಕ್ಷ ವರ್ಷ ಹಳೆಯ ಈ ಪ್ರಾಣಿಗೆ ಹಲ್ಲೂ ಇಲ್ಲ, ಜರಡಿಯೂ ಇರಲಿಲ್ಲವೆಂದು ಅಭ್ಯಾಸ ಮಾಡಿದವರ ಮತ. ಹಾಗಾದರೆ ತಿನ್ನುತ್ತಿದ್ದುದು ಹೇಗೆ? ಬೇಟೆಯನ್ನು ನೀರಿನೊಡನೆ ಬಾಯೊಳಕ್ಕೆ ಹೀರಿಕೊಂಡು. ಡೆಮೆರೆಯ ಪಕ್ಷದವರು 2021ರಲ್ಲಿ ಏಟಿಯೋಸೀಟಸ್‌ನ ಬುರುಡೆಯನ್ನು ಕ್ಷಕಿರಣಗಳಿಂದ ಒಳಹೊಕ್ಕು ನೋಡಿ ತಮ್ಮ ಮಾತನ್ನು ಮತ್ತೆ ಸಮರ್ಥಿಸಿಕೊಂಡರು.

ಹಲ್ಲು ಮತ್ತು ಜರಡಿ ಕೂಡಿ ಬಾಳಿದುವೋ, ಇಲ್ಲ ಒಂದು ಹೋಗಿ ಎಷ್ಟೋ ಕಾಲದ ಮೇಲೆ ಇನ್ನೊಂದು ಬಂತೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಯಾವುದು ಗೆದ್ದರೂ ಮಿವಾರ್ಟನ ಪ್ರಶ್ನೆಯ ಬುಡ ಸಡಿಲವಾಗಿದೆ. ‘ಅರ್ಧ’ ಎಂಬುದು ಇಂದಿನ ತಿಮಿಂಗಿಲವನ್ನು ಕಂಡವರು ಹಿಂದಿರುಗಿ ನೋಡಿ ಆಡಿದ ಮಾತು. ಲ್ಯಾನೋಸೀಟಸ್ ಕಚ್ಚಿ ತಿಂದಿತು, ಮೈಯಾಬಲೀನಾ ಹೀರಿ ತಿಂದಿತು. ತನ್ನ ತನ್ನ ಕಡಲಿನಲ್ಲಿ ಪ್ರತಿಯೊಂದೂ ಇಡಿಯಾದ ಬಾಳನ್ನೇ ಬಾಳಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಾವು ಮರುಗುತ್ತೇವೆ. ಈ ವಂಶ ಹಲ್ಲು ಕಳೆದುಕೊಂಡೇ ಕಡಲಿನ ಅತಿ ದೊಡ್ಡ ಕಣಜಕ್ಕೆ ಒಡೆಯನಾಯಿತು.

ಎಮ್ಲಾಂಗ್ ತನ್ನ ಬುರುಡೆಗೆ ಹೆಸರಿಟ್ಟ 1966ರಲ್ಲಿಯೇ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ನೀಲ ತಿಮಿಂಗಿಲದ ಬೇಟೆಯನ್ನು ನಿಷೇಧಿಸಿತು. 1904ರಲ್ಲಿ ಅಂಟಾರ್ಕ್ಟಿಕದ ನೀರಿನಲ್ಲಿ ತೊಡಗಿದ ಬೇಟೆಯ ಫಲವಾಗಿ, ಆ ವೇಳೆಗೆ ಅಲ್ಲಿ ನೂರಕ್ಕೆ ಒಂದರಷ್ಟೂ ಉಳಿದಿರಲಿಲ್ಲ. ಕೋಟಿ ಕೋಟಿ ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದನ್ನು ನಾವು ಅರುವತ್ತೆರಡು ವರ್ಷಗಳಲ್ಲಿ ಮುಗಿಸಲು ಹೊರಟಿದ್ದೆವು. ಉಳಿದವುಗಳ ಬಸಿರಿನಲ್ಲಿ ಇಂದಿಗೂ ಹಲ್ಲಿನ ಮೊಗ್ಗುಗಳು ಮೂಡುತ್ತವೆ, ಕರಗುತ್ತವೆ. ನಾವು ಕಲ್ಲು ಒಡೆದು ಓದುತ್ತಿರುವ ಚರಿತ್ರೆಯನ್ನು ಪ್ರತಿಯೊಂದು ಮರಿಯೂ ಹುಟ್ಟುವ ಮೊದಲು ಒಂದು ಸಲ ಬರೆದು ಅಳಿಸುತ್ತದೆ.