ಮಗುವಿನ ಕೈಗೊಂದು ಹಾಡಿನ ಪೆಟ್ಟಿಗೆ

ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಈಗೀಗ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ. ಮಗು ಹಾಡು ಕೇಳಬೇಕು, ಕತೆ ಕೇಳಬೇಕು. ಆದರೆ ಅದಕ್ಕಾಗಿ ಮೊಬೈಲ್ ಕೊಟ್ಟರೆ ಅದನ್ನು ಮರಳಿ ಪಡೆಯಲು ಒಂದು ಯುದ್ಧವನ್ನೇ ಮಾಡಬೇಕಾಗುತ್ತದೆ. ಹಾಡನ್ನಷ್ಟೇ ನುಡಿಸುವ, ಕೈಜಾರಿ ಬಿದ್ದರೂ ಒಡೆಯದ, ನಮ್ಮ ಜೇಬಿಗೂ ಭಾರವಾಗದ ಪೆಟ್ಟಿಗೆಯೊಂದು ಸಿಗಲಾರದೇ? ಕೇಳುವವರು ಇದನ್ನು ಮೊಬೈಲ್ ಕಾಲದ ತಲೆನೋವೆಂದು ಭಾವಿಸುತ್ತಾರೆ. ನಿಜವಾಗಿ ನೋಡಿದರೆ ಈ ಹುಡುಕಾಟಕ್ಕೆ 130 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದುದ್ದಕ್ಕೂ ಬೆಲೆಯ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಅಂಟಿಕೊಂಡು ಬಂದಿದೆ: ಆ ಪೆಟ್ಟಿಗೆಯೊಳಗೆ ಏನನ್ನು ತುಂಬಬೇಕೆಂದು ತೀರ್ಮಾನಿಸುವವರು ಯಾರು?

ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ ಸಂಗತಿ ಶಾಲಾಪುಸ್ತಕಗಳಲ್ಲಿದೆ. ಅದೇ ಎಡಿಸನ್‌ನ ಕಂಪೆನಿ 1890ರಲ್ಲಿ ಮಾತನಾಡುವ ಬೊಂಬೆಯನ್ನು ಮಾರುಕಟ್ಟೆಗೆ ತಂದು ಕೈಸುಟ್ಟುಕೊಂಡದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಬೊಂಬೆಯ ಲೋಹದ ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್ ಇತ್ತು. ಬೆನ್ನಿನ ಹಿಡಿಕೆ ತಿರುಗಿಸಿದರೆ ಅದು ಶಿಶುಗೀತೆಯೊಂದನ್ನು ಹೇಳುತ್ತಿತ್ತು. ಒಂದು ಧ್ವನಿಮುದ್ರಣದಿಂದ ಹಲವು ಪ್ರತಿ ತೆಗೆಯುವ ವಿದ್ಯೆ ಆಗಿನ್ನೂ ಕೈಗೂಡಿರಲಿಲ್ಲ. ಹಾಗಾಗಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಯುವತಿಯರು ಕುಳಿತು ಒಂದೊಂದು ಬೊಂಬೆಗೂ ಪ್ರತ್ಯೇಕವಾಗಿ ಅದೇ ಪದ್ಯವನ್ನು ದಿನವಿಡೀ ಕೂಗಿ ಹೇಳಬೇಕಾಗಿತ್ತು. ಬಟ್ಟೆ ತೊಡಿಸದ ಬೊಂಬೆಯ ಬೆಲೆಯೇ 10 ಡಾಲರ್. ಕಾರ್ಖಾನೆಯ ಕೂಲಿಗಾರ ವಾರವಿಡೀ ದುಡಿದರೂ ಅಷ್ಟು ಸಿಗುವುದು ಕಷ್ಟವಿದ್ದ ಕಾಲವದು. ಅಷ್ಟು ಕೊಟ್ಟು ಕೊಂಡರೆ ಮೇಣದ ಮುದ್ರಿಕೆ ಬೇಗನೆ ಸವೆದು ದನಿ ಕರ್ಕಶವಾಗುತ್ತಿತ್ತು, ಮಕ್ಕಳು ಹೆದರುತ್ತಿದ್ದರು. ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. 2015ರಲ್ಲಿ ವಿಜ್ಞಾನಿಗಳು ಸೂಜಿ ತಾಗಿಸದೆ, ಆ ಮುದ್ರಿಕೆಗಳ ಗೀರುಗಳನ್ನು ಚಿತ್ರವಾಗಿ ಸೆರೆಹಿಡಿದು ಕಂಪ್ಯೂಟರ್ ಮೂಲಕ ದನಿಯನ್ನು ಮರಳಿ ಪಡೆದರು. ಅದನ್ನು ಕೇಳಿದರೆ ಮಕ್ಕಳು ಯಾಕೆ ಹೆದರಿದರೆಂದು ಯಾರಿಗಾದರೂ ಅರ್ಥವಾದೀತು.

ಇದೇ ಹೊತ್ತಿಗೆ ಎಮಿಲ್ ಬರ್ಲಿನರ್ ಇನ್ನೊಂದು ದಾರಿ ಹಿಡಿದಿದ್ದ. ನಮ್ಮ ಹಿರಿಯರು 'ಪ್ಲೇಟು' ಎಂದು ಕರೆಯುತ್ತಿದ್ದ ಗ್ರಾಮಫೋನ್ ತಟ್ಟೆ ಅವನ ಕೊಡುಗೆ. ಅದು ಮೊದಲು ಮಾರುಕಟ್ಟೆ ಕಂಡದ್ದು ಸಂಗೀತರಸಿಕರಿಗಾಗಿ ಅಲ್ಲ, ಮಕ್ಕಳ ಆಟಿಕೆಯಾಗಿ! ಜರ್ಮನಿಯ ಬೊಂಬೆ ತಯಾರಿಸುವ ಕಂಪೆನಿಯೊಂದು 1890ರ ಸುಮಾರಿಗೆ 5 ಇಂಚಿನ ತಟ್ಟೆಗಳನ್ನೂ ಅವನ್ನು ನುಡಿಸುವ ಪುಟ್ಟ ಯಂತ್ರವನ್ನೂ ಮಾರಿತು. ಅದಕ್ಕೆ ಸ್ಪ್ರಿಂಗ್ ಇರಲಿಲ್ಲ, ಕೈಯಲ್ಲೇ ತಿರುಗಿಸಬೇಕು. ಮಗು ಜೋರಾಗಿ ತಿರುಗಿಸಿದರೆ ಹಾಡು ಕೀಚಲು, ನಿಧಾನಿಸಿದರೆ ಗೊಗ್ಗರು. ಬೊಂಬೆಗೆ ಹೋಲಿಸಿದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿತ್ತು. ತಟ್ಟೆಯನ್ನು ಬದಲಿಸಿ ಹೊಸ ಹಾಡು ಹಾಕಬಹುದಿತ್ತು.

ಈ ತಟ್ಟೆಯೇ ಬೆಳೆದು 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡಿತು. ಭಾರತದ ಗ್ರಾಮಫೋನಿನ ಆ ಮೊದಲ ತಾರೆ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಗ್ರಾಮಫೋನ್ ನಮ್ಮಲ್ಲಿ ಮಕ್ಕಳ ವಸ್ತುವಾಗಲಿಲ್ಲ. ಅದು ಸಿರಿವಂತರ ಚಾವಡಿಯ ಅಲಂಕಾರ, ಮಕ್ಕಳು ಮುಟ್ಟಿದರೆ ಪೆಟ್ಟು. ರೇಡಿಯೊ ಕೂಡ ಹಾಗೆಯೇ. ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು, ಅದರ ಗುಂಡಿ ತಿರುಗಿಸುವ ಅಧಿಕಾರ ಮನೆಯ ಯಜಮಾನನದಾಗಿತ್ತು. 1947ರ ಕೊನೆಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, 1954ರಲ್ಲಿ ಮೊದಲ ಜೇಬು ರೇಡಿಯೊ 49.95 ಡಾಲರಿಗೆ ಮಾರಾಟಕ್ಕೆ ಬಂತು. ಅನಂತರ ಜಪಾನಿನವರು ಅದನ್ನು ಅಗ್ಗ ಮಾಡಿದರು. ಆಗ ಸಂಗೀತ ಹಿರಿಯರ ಕಣ್ಣೆದುರಿನಿಂದ ಜಾರಿ ಹರೆಯದವರ ಕೈಸೇರಿತು. ಆದರೂ ಬಾನುಲಿ ಕೇಂದ್ರ ಕೊಟ್ಟದ್ದನ್ನೇ ಕೇಳಬೇಕು. ಮಗುವಿಗೆ ಇಷ್ಟವಾದ ಹಾಡನ್ನು ಮತ್ತೆ ಹಾಕೆಂದರೆ ರೇಡಿಯೊ ಕೇಳುತ್ತದೆಯೇ?

ಮತ್ತೆ ಮತ್ತೆ ಅದನ್ನೇ ಕೇಳುವುದು ಮಕ್ಕಳ ಸ್ವಭಾವ. ಅದಕ್ಕೆ ಒದಗಿಬಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪೆನಿಯ ಬೆಲ್ಜಿಯಂ ಘಟಕದಲ್ಲಿ ಲೂ ಓಟೆನ್ಸ್ ಎಂಬ ಎಂಜಿನಿಯರ್ ತನ್ನ ಕೋಟಿನ ಜೇಬಿಗೆ ಹಿಡಿಸುವಂತೆ ಒಂದು ಮರದ ತುಂಡು ಕತ್ತರಿಸಿ, ಯಂತ್ರ ಇದಕ್ಕಿಂತ ದೊಡ್ಡದಾಗಬಾರದು ಎಂದು ನಿರ್ಧರಿಸಿದ. (ಮುಂದೆ ಕಾರಿನ ಚಕ್ರ ಬದಲಿಸುವಾಗ ಆ ತುಂಡನ್ನು ಜಾಕಿಯ ಅಡಿಗಿಟ್ಟು ಕಳೆದುಕೊಂಡನಂತೆ.) 1963ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಕ್ಯಾಸೆಟ್ ಬೆಳಕು ಕಂಡಿತು. ಫಿಲಿಪ್ಸ್ ಅದರ ವಿನ್ಯಾಸವನ್ನು ಬೇರೆ ಕಂಪೆನಿಗಳಿಗೆ ಶುಲ್ಕವಿಲ್ಲದೆ ಬಿಟ್ಟುಕೊಟ್ಟದ್ದು ಒಂದು ದೊಡ್ಡ ತಿರುವು. ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ ಅದು ಅಗ್ಗವಾಯಿತು.

ಭಾರತದಲ್ಲಿ 1980ರ ದಶಕ ಕ್ಯಾಸೆಟ್ಟಿನ ದಶಕ. ದೆಹಲಿಯ ದರಿಯಾಗಂಜ್‌ನಲ್ಲಿ ಹಣ್ಣಿನ ರಸ ಮಾರುತ್ತಿದ್ದ ಗುಲ್ಶನ್ ಕುಮಾರ್ ಟಿ-ಸೀರೀಸ್ ಕಟ್ಟಿ, ದೊಡ್ಡ ಕಂಪೆನಿಯೊಂದರ ಏಕಸ್ವಾಮ್ಯವನ್ನೇ ಮುರಿದರು. ಕನ್ನಡದ ಮಟ್ಟಿಗೆ ಹೇಳುವುದಾದರೆ ಕವಿ ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಧ್ವನಿಸುರುಳಿಯಾಗಿ ಹೊರಬಂದು ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ನಾಂದಿ ಹಾಡಿತು. ಕನ್ನಡದ ಎಷ್ಟೋ ಮಕ್ಕಳು ಕವಿತೆಯನ್ನು ಪುಸ್ತಕದಲ್ಲಿ ಓದುವ ಮೊದಲೇ ಕಿವಿಯಲ್ಲಿ ಕಲಿತದ್ದು ಈ ಧ್ವನಿಸುರುಳಿಗಳಿಂದ.

ನಮ್ಮ ಕರಾವಳಿಯ ಮುಸ್ಲಿಂ ಮನೆಗಳಿಗೆ ಟೇಪ್ ರೆಕಾರ್ಡರ್ ಬಂದ ದಾರಿ ಬೇರೆ. ಅದು ಬಂದದ್ದು ಕೊಲ್ಲಿ ನಾಡಿನಿಂದ, ಸುಗಂಧದ ಬಾಟಲಿ, ಟೈಗರ್ ಬಾಮ್ ಮತ್ತು ಹೊದಿಕೆಗಳ ಜೊತೆ. ರೇಡಿಯೊ ಮತ್ತು ಟೇಪ್ ಎರಡೂ ಒಂದರಲ್ಲೇ ಇದ್ದುದರಿಂದ ಅದಕ್ಕೆ 'ಟೂ ಇನ್ ಒನ್' ಎಂದು ಹೆಸರು. ಅದರ ಮೇಲೆ ಹೆಂಗಸರು ಕಸೂತಿ ಬಟ್ಟೆ ಹೊದಿಸಿಡುತ್ತಿದ್ದರು. ಅದರಲ್ಲಿ ಅಬ್ದುಲ್ ಬಾಸಿತ್ ಅವರ ಕುರ್‌ಆನ್ ಪಾರಾಯಣ ಕೇಳುತ್ತಿತ್ತು, ಮಾಪಿಳ್ಳೆ ಹಾಡು ಕೇಳುತ್ತಿತ್ತು, ದೊಡ್ಡವರಿಲ್ಲದಾಗ ಸಿನಿಮಾ ಹಾಡೂ ಕೇಳುತ್ತಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ ಅದರಲ್ಲೊಂದು ಕೆಂಪು ಗುಂಡಿಯಿತ್ತು. ಅದನ್ನು ಒತ್ತಿದರೆ ಯಂತ್ರ ನಮ್ಮ ಮಾತನ್ನೇ ತುಂಬಿಕೊಳ್ಳುತ್ತಿತ್ತು.

ಅಕ್ಷರ ಬಾರದ ತಾಯಂದಿರಿಗೆ ಆ ಗುಂಡಿ ಅಂಚೆಗಿಂತ ದೊಡ್ಡದಾಗಿತ್ತು. ಪತ್ರ ಬರೆಸಲು ಇನ್ನೊಬ್ಬರ ಕಾಲು ಹಿಡಿಯಬೇಕಿಲ್ಲ, ಮನದ ಮಾತನ್ನು ಮೂರನೆಯವರ ಮುಂದೆ ಬಿಚ್ಚಿಡಬೇಕಿಲ್ಲ. ರಾತ್ರಿ ಬಾಗಿಲು ಮುಚ್ಚಿ ಕ್ಯಾಸೆಟ್ಟಿಗೆ ಹೇಳಿದರಾಯಿತು. ಊರಿಗೆ ಬಂದು ಹೋಗುವವರ ಕೈಯಲ್ಲಿ ಆ ಕ್ಯಾಸೆಟ್ ದುಬೈಗೋ ದಮ್ಮಾಮ್‌ಗೋ ತಲುಪುತ್ತಿತ್ತು. ಅಲ್ಲಿಂದ ಮರಳಿ ಬಂದದ್ದರಲ್ಲಿ ತಂದೆಯ ದನಿ. ತಂದೆಯನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ಕಂಡ ಎಷ್ಟೋ ಮಕ್ಕಳಿಗೆ 'ಬಾಪ' ಎಂದರೆ ಮೊದಲು ಒಂದು ಕಪ್ಪು ಪೆಟ್ಟಿಗೆಯಿಂದ ಬರುವ ದನಿಯಾಗಿತ್ತು. ಮಗು ಕಲಿತ ಹಾಡು, ಓದಿದ ಸೂರಾ, ಅತ್ತ ಅಳು ಎಲ್ಲವೂ ಆ ಕಡೆಗೆ ಹೋಗುತ್ತಿತ್ತು. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಫಿಶರ್ ಪ್ರೈಸ್ ಕಂಪೆನಿ ದೊಡ್ಡ ದೊಡ್ಡ ಗುಂಡಿಗಳ ಟೇಪ್ ರೆಕಾರ್ಡರನ್ನು ಮಕ್ಕಳಿಗಾಗಿಯೇ ಮಾಡಿತು. ಅದರಲ್ಲೂ ಮುದ್ರಿಸಿಕೊಳ್ಳುವ ಸೌಲಭ್ಯವಿತ್ತು. ನಮ್ಮ ಮಕ್ಕಳಿಗೆ ಪ್ರತ್ಯೇಕ ಯಂತ್ರ ಬೇಕಾಗಲಿಲ್ಲ. ಮನೆಯ ಟೂ ಇನ್ ಒನ್ ಮುಂದೆ ಬಾಯಿ ತಂದರೆ ಸಾಕಿತ್ತು.

ಅದೇ ಕಾಲದಲ್ಲಿ ಸಂಗೀತ ಮನೆಯಿಂದ ಕಿವಿಗೆ ಸರಿಯತೊಡಗಿತ್ತು. ಸೋನಿ ಕಂಪೆನಿ 1979ರ ಜುಲೈ 1ರಂದು ವಾಕ್‌ಮನ್ ಬಿಡುಗಡೆ ಮಾಡಿತು. ಬೆಲೆ 33,000 ಯೆನ್. ಕಂಪೆನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಮನೆಯಲ್ಲಿ ಅದನ್ನು ಹಾಕಿಕೊಂಡು ಕುಳಿತಾಗ ಪತ್ನಿ ಬೇಸರಪಟ್ಟರಂತೆ. ಒಬ್ಬನೇ ಹಾಡು ಕೇಳುತ್ತಾ ಕೂರುವುದು ಅಸಭ್ಯವಾದೀತೆಂದು ಭಾವಿಸಿದ ಮೊರಿಟಾ, ಇಬ್ಬರು ಒಟ್ಟಿಗೆ ಕೇಳುವಂತೆ ಎರಡು ಹೆಡ್‌ಫೋನ್ ಜೋಡಿಸುವ ವ್ಯವಸ್ಥೆ ಮಾಡಿಸಿದರು. ಮಧ್ಯೆ ಮಾತನಾಡಿಕೊಳ್ಳಲು ಒಂದು ಕಿತ್ತಳೆ ಗುಂಡಿಯೂ ಇತ್ತು. ಕೊಂಡವರಿಗೆ ಅದಾವುದೂ ಬೇಕಾಗಲಿಲ್ಲ. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಮಾಯವಾಯಿತು. ಆ ದಶಕ ಮುಗಿಯುವುದರೊಳಗೆ 'ಮೈ ಫಸ್ಟ್ ಸೋನಿ' ಎಂಬ ಹೆಸರಿನಲ್ಲಿ ಮಕ್ಕಳಿಗೂ ಕೆಂಪು ಬಣ್ಣದ ವಾಕ್‌ಮನ್ ಬಂತು. ವಾಕ್‌ಮನ್‌ನಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅದಕ್ಕೆ ಕೇಳಿಸಲು ಬರುತ್ತಿತ್ತೇ ಹೊರತು ಮುದ್ರಿಸಿಕೊಳ್ಳಲು ಬರುತ್ತಿರಲಿಲ್ಲ.

ಎಂಪಿ3ಯ ಕತೆಯನ್ನು ಚುಟುಕಾಗಿ ಹೇಳಬಹುದು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಮನುಷ್ಯನ ಕಿವಿ ಗಮನಿಸದ ಅಂಶಗಳನ್ನು ಕಳೆದು ಹಾಡನ್ನು ಹಗುರಗೊಳಿಸುವ ತಂತ್ರ ರೂಪಿಸಿದರು. 1998ರಲ್ಲಿ ಬಂದ ಮೊದಲ ಜೇಬು ಪ್ಲೇಯರುಗಳಲ್ಲಿ 32 ಎಂಬಿ ಜಾಗವಿತ್ತು, ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆಯ ಹಾಡು. 2001ರ ಐಪಾಡ್ 399 ಡಾಲರ್. 2005ರಲ್ಲಿ ಪರದೆಯೇ ಇಲ್ಲದ ಪುಟ್ಟ ಐಪಾಡ್ ಶಫಲ್ 99 ಡಾಲರಿಗೆ ಬಂದಾಗ ಎಷ್ಟೋ ತಂದೆತಾಯಂದಿರು ಅದನ್ನು ಮಕ್ಕಳಿಗೆ ಕೊಟ್ಟರು. ಅದನ್ನು 2017ರಲ್ಲಿ ನಿಲ್ಲಿಸಲಾಯಿತು. ನಮ್ಮ ಊರುಗಳಲ್ಲಿ ಅದನ್ನು ಕಂಡವರು ಕಡಿಮೆ. ನಾವು ಕಂಡದ್ದು ಚೀನಾದಿಂದ ಬಂದ ಹೆಸರಿಲ್ಲದ ಪ್ಲೇಯರುಗಳನ್ನು, ಮತ್ತು ಮೊಬೈಲ್ ಅಂಗಡಿಯ ಮುಂದೆ 'ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡಲಾಗುವುದು' ಎಂಬ ಬೋರ್ಡನ್ನು. ಏನು ತುಂಬಬೇಕೆಂಬ ತೀರ್ಮಾನವನ್ನು ನಾವು ಆ ಅಂಗಡಿಯ ಹುಡುಗನಿಗೆ ಬಿಟ್ಟುಕೊಟ್ಟೆವು. ಈಗ ಅದನ್ನು ಮೊಬೈಲಿನ ಯಂತ್ರಬುದ್ಧಿಗೆ ಬಿಟ್ಟಿದ್ದೇವೆ. ಒಂದು ಶಿಶುಗೀತೆ ಮುಗಿದೊಡನೆ ಮಗುವಿಗೆ ಮುಂದಿನದು ಯಾವುದೆಂದು ಅದೇ ಹೇಳುತ್ತದೆ, ನಡುವೆ ಜಾಹೀರಾತನ್ನೂ ತುರುಕುತ್ತದೆ.

ಇದರಿಂದ ರೋಸಿದ ಯುರೋಪಿನ ಪೋಷಕರಿಗಾಗಿ 2016ರಲ್ಲಿ ಜರ್ಮನಿಯಲ್ಲಿ ಟೋನಿಬಾಕ್ಸ್ ಬಂತು. ಮೆತ್ತನೆಯ ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಬೊಂಬೆ ನಿಲ್ಲಿಸಿದರೆ ಅದರ ಕತೆ ಶುರು, ತೆಗೆದರೆ ನಿಂತಿತು. ಪರದೆಯಿಲ್ಲ. ಮೂರು ವರ್ಷದ ಮಗುವೂ ನಡೆಸಬಲ್ಲದು. ಎಡಿಸನ್‌ನ ಬೊಂಬೆ ಕೊನೆಗೂ ಸರಿಯಾಗಿ ಮಾತು ಕಲಿತಿತೆನ್ನಬೇಕು! ಆದರೆ ಬಂದ ಹೊಸತರಲ್ಲಿ ಪೆಟ್ಟಿಗೆಗೇ ಸುಮಾರು 80 ಯೂರೊ ಇತ್ತು, ಮೇಲೆ ಪ್ರತಿ ಕತೆಗೂ ಒಂದೊಂದು ಬೊಂಬೆಯನ್ನು ಕೊಳ್ಳುತ್ತಲೇ ಇರಬೇಕು. ಅದರಲ್ಲಿ ನಮಗೆ ಮೆಚ್ಚುಗೆಯಾದದ್ದು ಇನ್ನೊಂದು ಬಗೆಯ ಬೊಂಬೆ. ಅದು ಖಾಲಿಯಾಗಿ ಬರುತ್ತದೆ, ಅಜ್ಜಿಯೋ ತಂದೆಯೋ ತಮ್ಮ ದನಿಯನ್ನೇ ಅದಕ್ಕೆ ತುಂಬಬಹುದು. ಟೂ ಇನ್ ಒನ್‌ನ ಕೆಂಪು ಗುಂಡಿ ಅಲ್ಲಿ ಹೊಸ ವೇಷದಲ್ಲಿ ಮರಳಿದೆ.

ನಮ್ಮ ಆದಾಯದ ಕುಟುಂಬವೊಂದು ಇಂದು ಏನನ್ನು ಕೊಳ್ಳಬಹುದು? ಪೇಟೆಯಲ್ಲಿ ಮೆಮೊರಿ ಕಾರ್ಡ್, ಪೆನ್ ಡ್ರೈವ್ ಹಾಕಬಹುದಾದ ಪುಟ್ಟ ಸ್ಪೀಕರ್ ಪೆಟ್ಟಿಗೆಗಳು ಧಾರಾಳವಾಗಿವೆ. ಬೆಲೆ ಕೆಲವು ನೂರು ರೂಪಾಯಿ. ಸಾಧಾರಣ ಗುಣಮಟ್ಟದ ಎಂಪಿ3ಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. 4 ಜಿಬಿಯ ಕಾರ್ಡಿನಲ್ಲಿ 60 ಗಂಟೆಗೂ ಹೆಚ್ಚು ಹಾಡು, ಕತೆ ಹಿಡಿಸುತ್ತದೆ. ಪುಟ್ಟ ಮಗುವಿಗೆ ಅಷ್ಟು ಬೇಕಿಲ್ಲ, ಇಪ್ಪತ್ತು ಹಾಡುಗಳಿದ್ದರೆ ಅದು ವರ್ಷ ಕಳೆಯುತ್ತದೆ. ಕೊಳ್ಳುವಾಗ ಗುಂಡಿ ಒತ್ತಿ ನೋಡಿ, ಮಗುವಿನ ಬೆರಳಿಗೆ ಅದು ಬಗ್ಗುತ್ತದೆಯೇ ಎಂದು. ಗುಂಡಿಯಂಥ ಚಪ್ಪಟೆ ಬ್ಯಾಟರಿ ಬಳಸುವ ಆಟಿಕೆಗಳನ್ನು ಮಾತ್ರ ದೂರವಿಡಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಇಯರ್‌ಫೋನಿಗಿಂತ ಕೋಣೆಗೆ ಕೇಳಿಸುವ ಸ್ಪೀಕರ್ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೂಪಿಸಿದ ಮಾನದಂಡದಂತೆ ಮಕ್ಕಳಿಗೆ 75 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಎಂಬುದೇ ಮಿತಿ. ಸದ್ದು 3 ಡೆಸಿಬಲ್ ಏರಿದರೆ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ಸವೆದ ಕಿವಿಯ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನ್ ಹಾಕಲೇಬೇಕಾಗಿ ಬಂದರೆ, ಒಂದು ಮೊಳ ದೂರದಿಂದ ನೀವು ಸಹಜವಾಗಿ ಕರೆದದ್ದು ಮಗುವಿಗೆ ಕೇಳಿಸುವಷ್ಟೇ ಸದ್ದಿರಲಿ.

ಇನ್ನು ಕಾರ್ಡಿಗೆ ತುಂಬುವ ಕೆಲಸ. ಕೆಂಪು ಗುಂಡಿ ಈಗ ನಮ್ಮ ಮೊಬೈಲಿನಲ್ಲೇ ಇದೆ. ಅಜ್ಜಿಯ ಜೋಗುಳವನ್ನೂ ಕತೆಯನ್ನೂ ಅದರಲ್ಲಿ ಮುದ್ರಿಸಿ ಕಾರ್ಡಿಗೆ ಹಾಕಲು ಹತ್ತು ನಿಮಿಷ ಸಾಕು.

ಹಳೆಯ ಕ್ಯಾಸೆಟ್ಟುಗಳಿದ್ದರೆ ಅವುಗಳ ದನಿಯನ್ನೂ ಕಾರ್ಡಿಗೆ ಇಳಿಸಿಕೊಳ್ಳಬಹುದು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿದ್ದವು. ಅವನ್ನು ಮುರಿದರೆ ಮುದ್ರಿಸಿದ್ದು ಅಳಿಯುತ್ತಿರಲಿಲ್ಲ. ಕೊಲ್ಲಿಯಿಂದ ಬಂದ ಕ್ಯಾಸೆಟ್ಟುಗಳಲ್ಲಿ ಅವನ್ನು ಮುರಿದವರು ಕಡಿಮೆ. ಹೊಸ ಕ್ಯಾಸೆಟ್ಟಿಗೆ ದುಡ್ಡು ಕೊಡುವ ಬದಲು ಬಂದದ್ದರ ಮೇಲೇ ಉತ್ತರ ತುಂಬಿ ಕಳಿಸುವುದು ವಾಡಿಕೆಯಾಗಿತ್ತು. ಹೀಗೆ ತಂದೆಯ ದನಿಯ ಮೇಲೆ ತಾಯಿಯದು, ತಾಯಿಯ ದನಿಯ ಮೇಲೆ ಮಗುವಿನದು, ಮತ್ತೆ ಅದರ ಮೇಲೆ ತಂದೆಯದು. ಅಟ್ಟದ ಪೆಟ್ಟಿಗೆಯಲ್ಲಿ ಇಂದು ಉಳಿದಿರುವುದು ಕೊನೆಯ ಸಲ ಮಾತನಾಡಿದವರ ದನಿ ಮಾತ್ರ.