ಯಣ್ಣಿಮಜ್ಜನ

ಸೊಲ್ಲಾಪುರದ ಮರಾಠಿ ಪತ್ರಿಕೆಗಳು ಪ್ರತಿ ಜನವರಿಯಲ್ಲಿ ಒಂದು ಕನ್ನಡ ಶಬ್ದವನ್ನು ಇದ್ದಂತೆಯೇ ಅಚ್ಚು ಹಾಕುತ್ತವೆ: ಯಣ್ಣಿಮಜ್ಜನ. ನಮ್ಮೂರು ಹನ್ನೂರಿನ ಬಾಯಲ್ಲೂ ಎಣ್ಣೆ ಅಂದರೆ ಯಣ್ಣಿಯೇ. ಆಗ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಕೋಲುಗಳು ಊರು ಸುತ್ತುತ್ತವೆ. 12ನೇ ಶತಮಾನದ ಸಿದ್ಧರಾಮ ಸ್ಥಾಪಿಸಿದ್ದೆಂದು ನಂಬುವ 68 ಲಿಂಗಗಳಿಗೆ ಎಣ್ಣೆ ಎರೆಯುತ್ತಾರೆ. ಮರುದಿನ ಮದುವೆಯ ಅಕ್ಷತೆ. ತನ್ನನ್ನೇ ಮದುವೆಯಾಗಬೇಕೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ ಸಿದ್ಧರಾಮ ತನ್ನ ಯೋಗದಂಡವನ್ನು ವರಿಸಲು ಒಪ್ಪಿಗೆ ಕೊಟ್ಟನೆಂಬುದು ಐತಿಹ್ಯ. ಹಾಗಾಗಿ ಯಣ್ಣಿಮಜ್ಜನ ಮದುವೆಯ ಮುಂಚಿನ ಎಣ್ಣೆನೀರು. ನಮ್ಮ ಮದುಮಗಳಿಗೆ ಅರಿಷಿಣ ಹಚ್ಚಿ ಸುರಗಿ ನೀರು ಎರೆಯುತ್ತಾರಲ್ಲ, ಅದೇ.

ಭೋಗಿಯ ಬೆಳಗಿಗೆ ನಮ್ಮ ಬಚ್ಚಲಲ್ಲೂ ಮಜ್ಜನವಿತ್ತು. ಅವ್ವ ರಾತ್ರಿ ನೆನೆಹಾಕಿದ ಬಿಳಿ ಎಳ್ಳನ್ನು ಅರಿಷಿಣದ ಜೊತೆ ನುಣ್ಣಗೆ ಅರೆಯುತ್ತಿದ್ದಳು. ಬೆನ್ನಿಗೆ ಹಚ್ಚಿದಾಗ ಮೊದಲು ಕೊರೆಯುವ ಥಂಡಿ. ತಿಕ್ಕಿದಂತೆಲ್ಲ ಎಳ್ಳು ಜಿಡ್ಡು ಬಿಟ್ಟು, ಚಳಿಗೆ ಬಿರಿದ ಚರ್ಮ ಮೆತ್ತಗಾಗುತ್ತಿತ್ತು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರ (1126–1138) ಮಾನಸೋಲ್ಲಾಸದಲ್ಲಿ ಅರಸನ ಸ್ನಾನವನ್ನೇ ಒಂದು ಭೋಗವೆಂದು ಎಣಿಸಿ, ಹೂವಿನ ವಾಸನೆ ಹಿಡಿಸಿದ ಎಳ್ಳೆಣ್ಣೆಯ ಮಾತು ತರುತ್ತಾನೆ. ಹೂವು ಅರಮನೆಯದಿರಬಹುದು, ಎಳ್ಳು ಮಾತ್ರ ನಮ್ಮ ಹೊಲದ್ದೇ ಎಂದು ನನ್ನ ನಂಬಿಕೆ.

ದಿನದ ಬಳಕೆಗೆ ಕುಸುಬಿ ಎಣ್ಣೆ. ಎರೆಹೊಲದಲ್ಲಿ ಬಿಳಿಜೋಳದ ಸುತ್ತ ಕುಸುಬಿಯ ಸಾಲು ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುತ್ತಿರಲಿಲ್ಲ. ಕೊಯ್ಲು ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ. ಗೀರಿದ ಕೈಗೆ ಅದೇ ಕುಸುಬಿಯ ಎಣ್ಣೆ. ಗಜಕರ್ಣಕ್ಕೆ ತಗಚಿ ಬೀಜವನ್ನು ಮಜ್ಜಿಗೆಯಲ್ಲಿ ತೇಯುತ್ತಿದ್ದರು. ಸಂಸ್ಕೃತದಲ್ಲಿ ಆ ಗಿಡದ ಒಂದು ಹೆಸರೇ ದದ್ರುಘ್ನ, ದದ್ದನ್ನು ಕೊಲ್ಲುವುದು.

ಹಿಮ್ಮಡಿ ಒಡೆದರೆ ರಾಳದ ಮುಲಾಮು. ಬಿಸಿ ಎಣ್ಣೆಯಲ್ಲಿ ರಾಳದ ಪುಡಿ ಕರಗಿಸಿ, ಸೋಸಿ, ಕಂಚಿನ ತಾಟಿಗೆ ಸುರಿದು ತಣ್ಣೀರು ಹಾಕಿ ಅಂಗೈಯಿಂದ ತಿಕ್ಕಬೇಕು. ನೀರು ಚೆಲ್ಲಬೇಕು, ಮತ್ತೆ ಹಾಕಬೇಕು, ಮತ್ತೆ ತಿಕ್ಕಬೇಕು. ಕಂದು ಎಣ್ಣೆ ಮೊದಲು ಹಳದಿಗೆ ತಿರುಗಿ, ಆಮೇಲೆ ಬೆಣ್ಣೆಯಂತೆ ಬೆಳ್ಳಗೆ ಉಬ್ಬುತ್ತದೆ. ಅವ್ವನ ತೋಳು ಸೋತಾಗ ತಾಟು ನನ್ನ ಮುಂದೆ ಬರುತ್ತಿತ್ತು.

ನಮ್ಮ ಕಡೆ ಎತ್ತಿನ ಗಾಣ ನಿಂತು ಎಷ್ಟೋ ಕಾಲವಾಯಿತು. ಹೊಲದಲ್ಲಿ ಕುಸುಬಿಯ ಸಾಲೂ ತೆಳುವಾಗಿದೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ. ರಾಳ ಮಾತ್ರ ಅಕ್ಕಲಕೋಟೆ ಪೇಟೆಯಲ್ಲಿ ಇನ್ನೂ ಸಿಗುತ್ತದೆ. ಜೋಳ ಕೀಳುವ ಮುಂಚೆ ಒಂದು ತಾಟು ತಿಕ್ಕಿ ಡಬ್ಬಿ ತುಂಬಿಡುತ್ತೇನೆ, ಕೂಲಿಗೆ ಬರುವ ಹೆಣ್ಣುಮಕ್ಕಳೂ ಕೇಳಿ ಒಯ್ಯುತ್ತಾರೆ.